ಒಂದೇ ಕೌಂಟರ್, ಎರಡು ಸಂಬಳ

ಪ್ರಶ್ನೆ: ಅಕ್ಕಾ, ನಮಸ್ಕಾರ. ದಾವಣಗೆರೆಯ ಒಂದು ದೊಡ್ಡ ಬಟ್ಟೆ ಅಂಗಡಿಯ ಸೀರೆ ಕೌಂಟರಿನಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಾವು ಹೆಂಗಸರು 11 ಜನ, ಗಂಡಸರು 8 ಜನ. ನನ್ನ ಸಂಬಳ 10,500 ರೂಪಾಯಿ. ಎರಡು ವರ್ಷದ ಹಿಂದೆ ನನ್ನ ಕೌಂಟರಿಗೇ ಒಬ್ಬ ಹುಡುಗ ಸೇರಿದ. ಇಳಕಲ್ ಯಾವುದು, ಮೊಳಕಾಲ್ಮೂರು ಯಾವುದು, ಸೆರಗು ಹೇಗೆ ಬಿಡಿಸಿ ತೋರಿಸಬೇಕು ಅಂತ ಅವನಿಗೆ ಹೇಳಿಕೊಟ್ಟವಳೇ ನಾನು. ಮೊನ್ನೆ ಮಾತಿಗೆ ಮಾತು ಬಂದು, ಸೇರಿದಾಗಿನಿಂದಲೂ ಅವನಿಗೆ 14,000 ಅಂತ ಗೊತ್ತಾಯಿತು. ಯಜಮಾನರನ್ನು ಕೇಳಿದೆ. ‘ಅವನು ಬಟ್ಟೆ ಗಂಟು ಎತ್ತುತ್ತಾನೆ, ರಾತ್ರಿ ಒಂಬತ್ತೂವರೆ ತನಕ ಇರುತ್ತಾನೆ. ನಿನಗೇನಮ್ಮಾ, ದುಡಿಯೋ ಗಂಡ ಇದ್ದಾನಲ್ಲ’ ಅಂದರು. ನನ್ನ ಬಳಿ ನೇಮಕದ ಪತ್ರ ಇಲ್ಲ. ಸಂಬಳ ಕವರಿನಲ್ಲಿ ಕೊಡುತ್ತಾರೆ. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ. ಜಾಸ್ತಿ ಕೇಳಿದರೆ ಕೆಲಸ ಹೋಗುತ್ತದೆ ಅಂತ ಭಯ. ಒಂಬತ್ತನೇ ಕ್ಲಾಸಿನ ಮಗಳ ಕೈಲಿ ಈ ಪತ್ರ ಬರೆಸುತ್ತಿದ್ದೇನೆ. ನಾನು ಕೇಳಿದ್ದು ತಪ್ಪಾ?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ತಪ್ಪಿಲ್ಲ ತಂಗಿ. ನೀವು ಕೇಳಿದ್ದು ಸರಿಯಾಗಿಯೇ ಇದೆ.

ನಿಮ್ಮ ಪತ್ರ ಓದಿದಾಗ ನನಗೆ ನಮ್ಮವ್ವ ನೆನಪಾದಳು. ಜಗಳೂರು ತಾಲ್ಲೂಕಿನ ನಮ್ಮ ಊರಲ್ಲಿ ಕೂಲಿಗೆ ಎರಡು ಹೆಸರಿದ್ದವು. ಗಂಡಾಳಿನ ಕೂಲಿ, ಹೆಣ್ಣಾಳಿನ ಕೂಲಿ. ಶೇಂಗಾ ಕೀಳುವಾಗ ಅವ್ವ ಒಂದು ಸಾಲು ಹಿಡಿದರೆ ಪಕ್ಕದ ಸಾಲಿನಲ್ಲಿ ನಮ್ಮ ದೊಡ್ಡಪ್ಪ ಇರುತ್ತಿದ್ದ. ಸಾಲು ಮುಗಿಸುವುದರಲ್ಲಿ ಅವ್ವನೇ ಮುಂದು. ಸಂಜೆ ಕೂಲಿ ಎಣಿಸುವಾಗ ಮಾತ್ರ ದೊಡ್ಡಪ್ಪನ ಕೈಗೆ ಜಾಸ್ತಿ. ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ. 2006ರಲ್ಲಿ ಉದ್ಯೋಗ ಖಾತ್ರಿ ಮೊದಲ ಹಂತದಲ್ಲೇ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಗೆ ಬಂತು. ಕೆರೆಯ ಹೂಳು ತೆಗೆಯುವ ಕೆಲಸ. ಅಲ್ಲಿ ಗಂಡಾಳು ಹೆಣ್ಣಾಳು ಅಂತ ಇರಲಿಲ್ಲ, ಇಬ್ಬರಿಗೂ ಒಂದೇ ದರ. ಅವ್ವ ಆ ದುಡ್ಡನ್ನು ನನ್ನ ಕೈಲಿ ಎರಡು ಸಲ ಎಣಿಸಿದಳು. ಆಮೇಲೆ ‘ಇಷ್ಟು ವರ್ಷ ಇದು ಎಲ್ಲಿ ಹೋಗಿತ್ತೇ?’ ಅಂದಳು. ನಾನು ಕಾರ್ಮಿಕರ ಕೇಸು ಹಿಡಿಯುವ ವಕೀಲಳಾಗಿದ್ದೇ ಆ ಮಾತಿನಿಂದ ಅಂದರೂ ಸರಿ.

ಈಗ ನಿಮ್ಮ ವಿಷಯ. ಒಂದೇ ಕೆಲಸಕ್ಕೆ ಹೆಣ್ಣು ಅನ್ನುವ ಕಾರಣಕ್ಕೆ ಕಡಿಮೆ ಕೊಡಬಾರದು ಎಂದು 1976ರಲ್ಲೇ ಸಮಾನ ವೇತನ ಕಾಯ್ದೆ ಬಂದಿತ್ತು. ಈಗ ಅದು 2019ರ ವೇತನ ಸಂಹಿತೆ ಅನ್ನುವ ಹೊಸ ಕಾನೂನಿನೊಳಗೆ ಸೇರಿದೆ. ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಒಂದೇ ಕೆಲಸ ಅಂದರೆ ಕೂದಲೆಳೆ ವ್ಯತ್ಯಾಸವೂ ಇಲ್ಲದ ಕೆಲಸ ಅಂತಲ್ಲ. ಬೇಕಾದ ಕೌಶಲ, ಶ್ರಮ, ಅನುಭವ, ಜವಾಬ್ದಾರಿ ಒಂದೇ ಇರಬೇಕು. ಸಣ್ಣಪುಟ್ಟ ವ್ಯತ್ಯಾಸ ಲೆಕ್ಕಕ್ಕಿಲ್ಲ. ಸೀರೆ ತೋರಿಸಿ ಮಾರುವುದೇ ನಿಮ್ಮಿಬ್ಬರ ಕೆಲಸ. ಲೋಡ್ ಬಂದಾಗ ಅವನು ನಾಲ್ಕು ಗಂಟು ಇಳಿಸಿದರೆ ಕೆಲಸ ಬೇರೆ ಆಗುವುದಿಲ್ಲ. ಅನುಭವದಲ್ಲಂತೂ ನೀವೇ ಮುಂದಿದ್ದೀರಿ.

ಒಂಬತ್ತೂವರೆ ತನಕ ಇರುತ್ತಾನೆ ಅನ್ನುವ ಮಾತನ್ನು ಬೇರೆಯಾಗಿ ನೋಡಬೇಕು. ನಿಗದಿ ಅವಧಿ ಮೀರಿ ದುಡಿದರೆ ಅದು ಓಟಿ. ಅದಕ್ಕೆ ಎರಡರಷ್ಟು ದರದಲ್ಲಿ ಬೇರೆ ಹಣ ಕೊಡಬೇಕು, ಆ ಹುಡುಗನಿಗೆ ಅದು ಸಿಗಲಿ. ಮೂಲ ಸಂಬಳದಲ್ಲೇ 3,500 ರೂಪಾಯಿ ಅಂತರ ಇಡಲು ಅದು ಕಾರಣ ಆಗದು. ಇನ್ನು ‘ದುಡಿಯೋ ಗಂಡ ಇದ್ದಾನೆ’ ಅನ್ನುವ ಮಾತು. ಇದಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ. ಸಂಬಳ ಕೊಡುವುದು ನಿಮ್ಮ ಕೆಲಸಕ್ಕೆ, ನಿಮ್ಮ ಮನೆಯ ಲೆಕ್ಕಕ್ಕಲ್ಲ. ಯಜಮಾನರು ಹಾಗೆ ಅಂದ ದಿನ, ಹೊತ್ತು, ಪಕ್ಕದಲ್ಲಿ ಯಾರಿದ್ದರು ಎಲ್ಲವನ್ನೂ ಇವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೆಣ್ಣು ಅಂತಲೇ ಕಡಿಮೆ ಕೊಡುತ್ತಿದ್ದೇವೆ ಎಂದು ಅವರೇ ಒಪ್ಪಿಕೊಂಡ ಹಾಗಾಯಿತು ಅಲ್ವಾ?

ಇದೇ ಥರದ ಜಗಳ ಸುಪ್ರೀಂ ಕೋರ್ಟಿನ ತನಕ ಹೋಗಿದೆ. ಮುಂಬೈಯ ಮ್ಯಾಕಿನನ್ ಮೆಕೆಂಜಿ ಕಂಪನಿಯಲ್ಲಿ ಆಡ್ರಿ ಡಿಕೋಸ್ಟಾ ಅನ್ನುವವರು ಸ್ಟೆನೋಗ್ರಾಫರ್ ಆಗಿದ್ದರು. ಗಂಡಸು ಸ್ಟೆನೋಗಳಿಗೆ ಜಾಸ್ತಿ, ಹೆಂಗಸರಿಗೆ ಕಡಿಮೆ. ಯೂನಿಯನ್ ಜೊತೆ ಒಪ್ಪಂದ ಆಗಿದೆ, ಅಷ್ಟು ಕೊಡುವ ಶಕ್ತಿಯೂ ಇಲ್ಲ ಎಂದು ಕಂಪನಿ ವಾದಿಸಿತು. 1987ರಲ್ಲಿ ಕೋರ್ಟು ಎರಡನ್ನೂ ಒಪ್ಪಲಿಲ್ಲ. ಹೆಂಗಸರನ್ನಷ್ಟೇ ಒಂದು ಜಾಗಕ್ಕೆ ಹಾಕಿ, ಅದು ಬೇರೆ ಕೆಲಸ ಅನ್ನುವಂತಿಲ್ಲ ಎಂದೂ ಹೇಳಿತು. ನಿಮ್ಮ ಕೇಸು ಅದಕ್ಕಿಂತ ಸುಲಭ. ನಿಮ್ಮಿಬ್ಬರದು ಒಂದೇ ಕೌಂಟರ್.

ಆದರೂ ಒಂದು ಮಾತು ಹೇಳಲೇಬೇಕು. ಸಂಬಳದಲ್ಲಿ ಎಲ್ಲ ವ್ಯತ್ಯಾಸವೂ ತಪ್ಪಲ್ಲ. ವ್ಯಾಪಾರದ ಮೇಲೆ ಕಮಿಷನ್ ಇದ್ದರೆ, ಅವನ ಮೇಲೆ ಸ್ಟಾಕಿನ ಅಥವಾ ಕ್ಯಾಶಿನ ಜವಾಬ್ದಾರಿ ಇದ್ದರೆ, ಅಂತರಕ್ಕೆ ಅದೇ ಕಾರಣ ಆಗಬಹುದು. ಇದನ್ನು ಮೊದಲು ತಿಳಿದುಕೊಳ್ಳಿ. ಉಳಿದ ಹತ್ತು ಹೆಂಗಸರ ಸಂಬಳ ಎಷ್ಟು, ಏಳು ಗಂಡಸರದು ಎಷ್ಟು ಅಂತಲೂ ಕೇಳಿ. ಎಲ್ಲ ಹೆಂಗಸರಿಗೂ ಕಡಿಮೆ ಇದ್ದರೆ ವಿಷಯ ತಾನೇ ಎದ್ದು ಕಾಣುತ್ತದೆ.

ಆ ಹುಡುಗನ ಹೆಸರು ಸದ್ಯಕ್ಕೆ ಎಲ್ಲೂ ಎತ್ತಬೇಡಿ. ನಂಬಿ ಹೇಳಿದ್ದಾನೆ, ಅವನ ಕೆಲಸಕ್ಕೂ ಕುತ್ತು ಬರಬಾರದು. ಅವನಿಗೂ ಒಂದು ಹೆದರಿಕೆ ಇರುತ್ತದೆ, ಸಮ ಮಾಡುತ್ತೇನೆ ಅಂತ ನನ್ನದನ್ನೇ ಇಳಿಸಿಬಿಟ್ಟರೆ ಅಂತ. ಹಾಗೆ ಮಾಡುವಂತಿಲ್ಲ. ಸಮಾನ ವೇತನದ ಹೆಸರಿನಲ್ಲಿ ಯಾರ ಸಂಬಳವನ್ನೂ ಕಡಿಮೆ ಮಾಡಬಾರದು ಎಂದು ಸಂಹಿತೆಯಲ್ಲೇ ಇದೆ. ಇದನ್ನು ಅವನಿಗೆ ಹೇಳಿ. ಗಂಡಸರು ಜೊತೆಗೆ ನಿಂತರೆ ಕೆಲಸ ಬೇಗ ಆಗುತ್ತದೆ.

ಕೆಲಸ ಹೋಗುವ ಭಯ ಸುಮ್ನೆ ಅಲ್ಲ, ಅದು ನನಗೆ ಗೊತ್ತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಅದರ ಪ್ರಕಾರ ಆರು ತಿಂಗಳು ಸತತ ದುಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡದೆ ತೆಗೆಯುವಂತಿಲ್ಲ. ನಿಮಗೆ ಆರು ವರ್ಷ ಆಗಿದೆ. ಕೆಲಸಕ್ಕೆ ಸೇರಿದ 30 ದಿನದೊಳಗೆ ನೇಮಕದ ಪತ್ರ ಕೊಡಬೇಕು ಎಂಬುದೂ ಅದೇ ಕಾಯ್ದೆ. ಕೊಡದೇ ಇದ್ದದ್ದು ಅವರ ತಪ್ಪು, ನಿಮ್ಮದಲ್ಲ. ಆದರೆ ಆರು ವರ್ಷದಿಂದ ಅಲ್ಲೇ ಇದ್ದೀರಿ ಎಂದು ತೋರಿಸುವ ಚೂರುಪಾರು ನೀವೇ ಕೂಡಿಸಬೇಕು. ಸಂಬಳದ ಕವರ್‌ಗಳು, ಅಂಗಡಿಯ ಗುರುತಿನ ಚೀಟಿ, ರಜೆ ಕೇಳಿದ ವಾಟ್ಸಾಪ್ ಮೆಸೇಜು, ದೀಪಾವಳಿ ಪೂಜೆಯ ಗ್ರೂಪ್ ಫೋಟೋ, ಏನಿದ್ದರೂ ಸರಿ. ಯಾವುದನ್ನೂ ಬಿಸಾಡಬೇಡಿ.

ಅಂದ ಹಾಗೆ, ನಿಮ್ಮ ಅಂಗಡಿಯಲ್ಲಿ 19 ಜನ ಇದ್ದೀರಿ. ಹತ್ತು ಜನ ಇದ್ದರೆ ನೌಕರರ ಆರೋಗ್ಯ ವಿಮೆ, ಅಂದರೆ ಇಎಸ್‌ಐ ಅನ್ವಯ ಆಗುತ್ತದೆ, 21,000ದ ತನಕ ಸಂಬಳ ಇರುವವರಿಗೆ. 10,500ಕ್ಕೆ ನಿಮ್ಮ ಪಾಲು ತಿಂಗಳಿಗೆ 79 ರೂಪಾಯಿ ಅಷ್ಟೇ. ಕಾರ್ಡು ಇದೆಯಾ ಅಂತ ನೋಡಿ.

ಕೂರುವ ವಿಷಯಕ್ಕೆ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ಮಾಡಿದವು. ಅಂಗಡಿಯವರು ಕೆಲಸಗಾರರಿಗೆ ಕೂರಲು ವ್ಯವಸ್ಥೆ ಮಾಡಲೇಬೇಕು ಅಂತ. ದಿನವಿಡೀ ನಿಂತ ಕಾಲಿನ ನೋವು ನಮ್ಮ ಜಿಲ್ಲೆಯಲ್ಲೂ ಅಷ್ಟೇ ಇರುತ್ತದೆ. ಸ್ಟೂಲು ಕೇಳಿ, ಖಂಡಿತ ಕೇಳಿ. ಆದರೆ ಸಂಬಳದ ಅರ್ಜಿಯಲ್ಲಿ ಬೇಡ. ಎರಡನ್ನೂ ಒಟ್ಟಿಗೆ ಬರೆದರೆ ಎರಡು ಸ್ಟೂಲು ತಂದಿಟ್ಟು ಸಂಬಳದ ಮಾತು ಮರೆಸುತ್ತಾರೆ. ಇಂಥದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅರ್ಜಿಯನ್ನು ಮೊದಲು ಯಜಮಾನರಿಗೇ ಬರೆಯಿರಿ. ಸೇರಿದ ತಿಂಗಳು, ಮಾಡುವ ಕೆಲಸ, ಈಗಿನ ಸಂಬಳ, ಅದೇ ಕೆಲಸಕ್ಕೆ ಗಂಡಸರಿಗೆ ಜಾಸ್ತಿ ಇದೆ, ಸಮ ಮಾಡಿ ಅಂತ ಅರ್ಧ ಪುಟ ಸಾಕು. ಹನ್ನೊಂದು ಜನವೂ ಸಹಿ ಹಾಕಿದರೆ ಬಹಳ ಒಳ್ಳೆಯದು. ಮೂವರು ಹಾಕಿದರೂ ನೀವು ಒಂಟಿ ಅಲ್ಲ. ಒಂದು ಪ್ರತಿ ಇಟ್ಟುಕೊಂಡು ಸ್ಪೀಡ್ ಪೋಸ್ಟಿನಲ್ಲಿ ರಿಜಿಸ್ಟ್ರೇಷನ್ ಮಾಡಿಸಿ ಕಳಿಸಿ. ಸರಿಯಾದ ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಕಡಿಮೆ ಕೊಟ್ಟ ಸಂಬಳ ಕೇಳಲು ಮೂರು ವರ್ಷದ ಅವಕಾಶ ಇದೆ. ನಿಮ್ಮ ಲೆಕ್ಕ ಎರಡು ವರ್ಷಕ್ಕೆ 84,000 ರೂಪಾಯಿ. ಅದರಲ್ಲಿ ಹಳೆ ಕಾಯ್ದೆಯ ಕಾಲದ, ಅಂದರೆ ಸಂಹಿತೆ ಜಾರಿಗೆ ಬರುವ ಮುಂಚಿನ ತಿಂಗಳುಗಳನ್ನು ವಕೀಲರಿಂದ ಬೇರೆಯಾಗಿ ಬರೆಸಿ. ಕೊಡಬೇಕಾದ್ದನ್ನು ಕೊಟ್ಟಿದ್ದೇವೆ ಎಂದು ತೋರಿಸುವ ಹೊಣೆ ಮಾಲೀಕರದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ವಿಚಾರಣೆ ಮಾಡುವವರಿಗೆ ಇದೆ. ವಕೀಲರಿಗೆ ದುಡ್ಡು ಎಲ್ಲಿಂದ ಅನ್ನಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ, ಆದಾಯ ಎಷ್ಟಿದ್ದರೂ ಸರಿ. ಫೋನ್ ಮಾಡುವುದಾದರೆ 15100.

ಮಗಳ ಅಕ್ಷರ ಬಹಳ ಚೆನ್ನಾಗಿದೆ ತಂಗಿ. ಯಜಮಾನರಿಗೆ ಕೊಡುವ ಅರ್ಜಿಯನ್ನೂ ಅವಳ ಕೈಲೇ ಬರೆಸಿ. ಸಹಿ ನೀವು ಹಾಕಿ.