ಮಾರಿಷಸ್ ಮ್ಯಾಪ್ ಪೂರ್ತಿ ಒಂದೇ ಬಣ್ಣ ಬರ್ತಿದೆ ಅಂದವರಿಗೆ

ನಮಸ್ಕಾರ ಸರ್. ನಿಮ್ಮ ಪ್ರಶ್ನೆ ನಿನ್ನೆಯೇ ನೋಡಿದೆ, ಉತ್ತರ ಉದ್ದ ಆಗುತ್ತದೆ ಅಂತ ಭಾನುವಾರಕ್ಕೆ ಇಟ್ಟುಕೊಂಡೆ. ಕೆಲಸಕ್ಕೆ ಅಂತ ಮಾರಿಷಸ್‌ನ ಎಬೆನ್‌ಗೆ ಹೋಗಿದ್ದೀರಿ, ಬಿಡುವಿನಲ್ಲಿ ಮ್ಯಾಪ್ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ ಕಲಿಯುತ್ತಿದ್ದೀರಿ. ಮಾರಿಷಸ್ ಜನಗಣತಿಯ ಕೋಷ್ಟಕ ಇಳಿಸಿಕೊಂಡು, ಯಾವ ಏರಿಯಾದಲ್ಲಿ ಜನ ಹೇಗೆ ಬದುಕುತ್ತಿದ್ದಾರೆ ಅಂತ ಮ್ಯಾಪ್ ಮಾಡಿದರೆ ದ್ವೀಪ ಪೂರ್ತಿ ಒಂದೇ ಬಣ್ಣ ಬರ್ತಿದೆ. ಇಷ್ಟೇ ಅಲ್ವಾ? ಮೇಲೆ ಒಬ್ಬರು "ಇರೋ ಎಲ್ಲಾ ಕಾಲಂ ಕೂಡಿಸಿ ಸರಾಸರಿ ತೆಗೀರಿ, ಸರಿ ಹೋಗುತ್ತೆ" ಅಂದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾನೂ ಎರಡು ವರ್ಷ ಅಲ್ಲೇ ರೋಸ್ ಹಿಲ್‌ನಲ್ಲಿ ಬಾಡಿಗೆಗಿದ್ದೆ, ಇದೇ ಹುಚ್ಚು ಹಿಡಿದು ಇದೇ ಮ್ಯಾಪ್ ಮಾಡಿದ್ದೆ. ಮೊದಲನೇ ಸಲ ನಾನು ಮಾಡಿದ್ದೂ ಅದನ್ನೇ.

ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ಇರುವ ಮೂರು ಕಾಲಂ ನೋಡಿ: ಕರೆಂಟು ಇದೆಯಾ, ನಲ್ಲಿ ನೀರು ಇದೆಯಾ, ಮನೆ ಸ್ವಂತದ್ದಾ. ಮಾರಿಷಸ್‌ನಲ್ಲಿ ಕರೆಂಟು ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಇದೆ. ನಲ್ಲಿಯೂ ಹಾಗೇ. ಎಲ್ಲರಿಗೂ ಇರುವುದನ್ನು ಅಳೆದರೆ ಮ್ಯಾಪ್ ಒಂದೇ ಬಣ್ಣ ಬರದೆ ಇನ್ನೇನು ಬರುತ್ತದೆ? ಸಾಫ್ಟ್‌ವೇರ್ ತಪ್ಪಲ್ಲ ಅದು. ಇನ್ನು ಸ್ವಂತ ಮನೆ ಅನ್ನುವುದು ಅಲ್ಲಿ ತಲೆಕೆಳಗು ಮಾಡುತ್ತದೆ. ಬಹುಪಾಲು ಜನರದ್ದು ಸ್ವಂತ ಮನೆಯೇ. ಬಾಡಿಗೆಯವರು ಜಾಸ್ತಿ ಸಿಗುವುದು ಪಟ್ಟಣಗಳಲ್ಲಿ, ಅವರಲ್ಲಿ ನಿಮ್ಮ ನನ್ನಂಥ ಸಂಬಳದವರೂ ಇರುತ್ತಾರೆ. ಹಳೆಯ ಸರ್ಕಾರಿ ಕಾಲೊನಿಯಲ್ಲಿ ಎರಡು ಕೋಣೆಯಲ್ಲಿ ಏಳು ಜನ ಇರುವವರದ್ದು ಸ್ವಂತ ಮನೆ ಅಂತ ಬರೆದುಕೊಂಡಿರುತ್ತದೆ. ಆ ಕಾಲಂ ಸುಮ್ನೆ ಅಳಿಸಿಬಿಡಿ.

ಹಾಗಾದರೆ ಏನು ಇಟ್ಟುಕೊಳ್ಳಬೇಕು? ಅಲ್ಲಿನ ಮನೆಗಳ ಕಥೆ ಸ್ವಲ್ಪ ಗೊತ್ತಿದ್ದರೆ ಇದು ಸುಲಭ. 1960ರ ಜನವರಿಯಲ್ಲಿ ಅಲಿಕ್ಸ್, ಫೆಬ್ರವರಿಯಲ್ಲಿ ಕ್ಯಾರೋಲ್ ಅಂತ ಎರಡು ಚಂಡಮಾರುತ ಬೆನ್ನುಬೆನ್ನಿಗೆ ಬಂದವು. ಮರದ ಮನೆ, ಹುಲ್ಲಿನ ಮನೆ, ತಗಡಿನ ಮನೆ ಸಾವಿರಗಟ್ಟಲೆ ಹಾರಿಹೋದವು. ಆಮೇಲೆ ಸೆಂಟ್ರಲ್ ಹೌಸಿಂಗ್ ಅಥಾರಿಟಿ ಕಾಲೊನಿ ಕಟ್ಟಿಸಿತು. ಬಸ್ಸಿನ ಬೋರ್ಡಿನಲ್ಲಿ "ಸಿತೆ" ಅಂತ ಶುರುವಾಗುವ ಹೆಸರು ನೋಡಿರುತ್ತೀರಲ್ಲ, ಅವು ಇಂಥ ಕಾಲೊನಿಗಳು. ಉಳಿದವರೂ ಕೈಲಾದಾಗ ಕಾಂಕ್ರೀಟಿಗೆ ಬದಲಾದರು. ಅದಕ್ಕೇ ಇವತ್ತು ದ್ವೀಪದ ಬಹುಪಾಲು ಮನೆ ತಾರಸಿ ಮನೆ. ಅರ್ಧ ಕಟ್ಟಿದ ಮಹಡಿ, ಮೇಲಕ್ಕೆ ಚಾಚಿಕೊಂಡ ಕಬ್ಬಿಣದ ಸರಳು ಎಲ್ಲಾ ಕಡೆ ಕಾಣುತ್ತದೆ, ಮಗನ ಮದುವೆಗೆ ಮೇಲೆ ಕಟ್ಟೋಣ ಅಂತ. ಅದು ಮಾತ್ರ ನಮ್ಮೂರಿನದೇ ಬುದ್ಧಿ ಬಿಡಿ!

ಇದರಿಂದ ಮ್ಯಾಪ್‌ಗೆ ಏನು ಗೊತ್ತಾಗುತ್ತದೆ ಅಂದರೆ, "ತಾರಸಿ ಮನೆ ಶೇಕಡಾ ಎಷ್ಟು" ಅನ್ನುವ ಕಾಲಂ ಉಪಯೋಗಕ್ಕೆ ಬರುವುದಿಲ್ಲ. ಆದರೆ ಅದೇ ಕೋಷ್ಟಕದ ಪಕ್ಕದ ಕಾಲಂ, ತಗಡಿನ ಗೋಡೆ ತಗಡಿನ ಚಾವಣಿಯ ಮನೆ ಎಷ್ಟು ಅನ್ನುವುದು, ಬಹಳ ಹೇಳುತ್ತದೆ. ಎಲ್ಲರೂ ತಾರಸಿಗೆ ಬಂದ ಮೇಲೂ ತಗಡಿನಲ್ಲೇ ಉಳಿದವರು ಯಾಕೆ ಉಳಿದರು? ಹೆಚ್ಚಾಗಿ ಜಾಗದ ಹಕ್ಕು ಇರುವುದಿಲ್ಲ, ಹಕ್ಕಿಲ್ಲದ ಜಾಗದಲ್ಲಿ ಯಾರೂ ಕಾಂಕ್ರೀಟು ಸುರಿಯುವುದಿಲ್ಲ. ಇಂಥ ಮನೆಗಳ ಸಂಖ್ಯೆ ಚಿಕ್ಕದು. ಶೇಕಡಾ ಲೆಕ್ಕದಲ್ಲಿ ಬಣ್ಣ ಹೊಡೆದರೆ ಕಾಣುವುದೇ ಇಲ್ಲ. ಅದನ್ನು ಸೂಚ್ಯಂಕಕ್ಕೆ, ಅಂದರೆ ಹಲವು ಅಳತೆ ಕೂಡಿಸಿ ಪ್ರತಿ ಊರಿಗೆ ಕೊಡುವ ಒಂದೇ ಅಂಕಕ್ಕೆ, ಸೇರಿಸದೆ ಮ್ಯಾಪ್ ಮೇಲೆ ಬೇರೆ ಪದರವಾಗಿ ಇಡಿ, ಮನೆ ಜಾಸ್ತಿ ಇದ್ದ ಕಡೆ ದೊಡ್ಡ ಚುಕ್ಕಿ, ಕಡಿಮೆ ಇದ್ದ ಕಡೆ ಸಣ್ಣ ಚುಕ್ಕಿ. 400 ಮನೆಯ ಹಳ್ಳಿಯಲ್ಲಿ 40 ತಗಡಿನ ಮನೆ ಇದ್ದರೆ ಶೇಕಡಾ 10. 5000 ಮನೆಯ ವಾರ್ಡಿನಲ್ಲಿ 300 ಇದ್ದರೆ ಶೇಕಡಾ 6. ಬಣ್ಣದ ಮ್ಯಾಪ್ ಮೊದಲನೆಯದನ್ನು ಕೆಟ್ಟದ್ದು ಅನ್ನುತ್ತದೆ, ಚುಕ್ಕಿ ಎರಡನೆಯದನ್ನು ತೋರಿಸುತ್ತದೆ. ಎರಡೂ ಬೇಕು. (ಸಂಖ್ಯೆ ಉದಾಹರಣೆಗೆ ಇಟ್ಟುಕೊಂಡದ್ದು.)

ಸೂಚ್ಯಂಕಕ್ಕೆ ನಾನು ಕೊನೆಗೆ ಉಳಿಸಿಕೊಂಡದ್ದು ಐದೇ ಅಳತೆ. ಒಬ್ಬರಿಗೆ ಎಷ್ಟು ಕೋಣೆ ಸಿಗುತ್ತದೆ ಅನ್ನುವುದು ಮೊದಲನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ಎರಡನೆಯದು ನೀರು ಮನೆಯೊಳಗೆ ಬರುತ್ತದಾ, ಅಂಗಳದ ನಲ್ಲಿಯಾ ಅನ್ನುವುದು. ನಲ್ಲಿ ಇದೆಯಾ ಇಲ್ಲವಾ ಅಂತ ಕೇಳಿದರೆ ಎಲ್ಲರೂ ಒಂದೇ, ಎಲ್ಲಿದೆ ಅಂತ ಕೇಳಿದರೆ ವ್ಯತ್ಯಾಸ ಕಾಣುತ್ತದೆ. ಒಂದು ಮಾತು: ದಿನಕ್ಕೆ ಎಷ್ಟು ಗಂಟೆ ನೀರು ಬರುತ್ತದೆ ಅನ್ನುವುದು ಈ ಕಾಲಂನಲ್ಲಿ ಇಲ್ಲ. ತಾರಸಿ ಮೇಲಿನ ಟ್ಯಾಂಕು ನೋಡಿದವರಿಗೆ ಅದು ಗೊತ್ತು, ಮ್ಯಾಪ್‌ಗೆ ಗೊತ್ತಿಲ್ಲ. ಮೂರನೆಯದು ಫ್ಲಶ್ ಇರುವ ಶೌಚಾಲಯ, ನಾಲ್ಕನೆಯದು ನಿರುದ್ಯೋಗ. ಐದನೆಯದು ಓದು.

ಓದಿನ ಹತ್ತಿರ ನಾನು ಎಡವಿದ್ದು ಹೇಳುತ್ತೇನೆ. ಎಲ್ಲಾ ವಯಸ್ಸಿನವರನ್ನೂ ಸೇರಿಸಿ "ಎಸ್‌ಸಿ ಪಾಸಾದವರು" ಅಂತ ತೆಗೆದುಕೊಂಡೆ. ಎಸ್‌ಸಿ ಅಂದರೆ ಸ್ಕೂಲ್ ಸರ್ಟಿಫಿಕೇಟ್, ಅಲ್ಲಿನ ಕೇಂಬ್ರಿಜ್ ಪರೀಕ್ಷೆ, ನಮ್ಮ ಎಸ್‌ಎಸ್‌ಎಲ್‌ಸಿ ಇದ್ದಹಾಗೆ. ಕೆಲವು ಕಬ್ಬಿನ ಹಳ್ಳಿಗಳು ತೀರಾ ಕೆಳಗೆ ಬಂದವು. ಹೋಗಿ ನೋಡಿದರೆ ಮನೆಗಳು ಚೆನ್ನಾಗಿವೆ, ಹುಡುಗರು ಕಾಲೇಜಿಗೆ ಹೋಗುತ್ತಿದ್ದಾರೆ. ವಿಷಯ ಏನೆಂದರೆ ಮಾರಿಷಸ್‌ನಲ್ಲಿ ಪ್ರೌಢಶಾಲೆ ಉಚಿತವಾದದ್ದೇ 1977ರಲ್ಲಿ. ಅದಕ್ಕಿಂತ ಹಿಂದೆ ಬೆಳೆದ ಅಜ್ಜ ಅಜ್ಜಿಯರು ಜಾಸ್ತಿ ಇರುವ ಊರು ಓದಿನಲ್ಲಿ ಹಿಂದೆ ಕಾಣುತ್ತದೆ. ಅಲ್ಲಿ ನಾನು ಅಳೆದದ್ದು ಬಡತನ ಅಲ್ಲ, ವಯಸ್ಸು. ವಯಸ್ಸಿನ ಪ್ರಕಾರ ಕೋಷ್ಟಕ ಸಿಕ್ಕರೆ 20ರಿಂದ 29ರವರನ್ನು ಮಾತ್ರ ತೆಗೆದುಕೊಳ್ಳಿ. ಸಿಗದಿದ್ದರೆ ಆ ಅಳತೆಗೆ ಅರ್ಧ ತೂಕ ಕೊಡಿ.

ಒಂದು ಸಮಾಧಾನದ ಸುದ್ದಿ. ಈ ಕೆಲಸವನ್ನು ಅಲ್ಲಿನ ಸ್ಟ್ಯಾಟಿಸ್ಟಿಕ್ಸ್ ಮಾರಿಷಸ್‌ನವರೇ ಮಾಡಿದ್ದಾರೆ. ರಿಲೇಟಿವ್ ಡೆವಲಪ್‌ಮೆಂಟ್ ಇಂಡೆಕ್ಸ್ ಅಂತ ಹೆಸರು. ವಸತಿ, ಓದು, ಉದ್ಯೋಗ ಈ ಮೂರು ಗುಂಪಿನಲ್ಲಿ 12 ಅಳತೆ ಇಟ್ಟುಕೊಂಡು, ಪುರಸಭೆ ವಾರ್ಡು ಮತ್ತು ವಿಲೇಜ್ ಕೌನ್ಸಿಲ್ ಪ್ರದೇಶಗಳಿಗೆ ಸೊನ್ನೆಯಿಂದ ಒಂದರ ನಡುವೆ ಅಂಕ ಕೊಡುತ್ತಾರೆ. ನಿಮ್ಮ ಮ್ಯಾಪ್ ಮುಗಿದ ಮೇಲೆ ಅದರ ಜೊತೆ ಹೋಲಿಸಿ ನೋಡಿ. ಮೊದಲೇ ನೋಡಿದರೆ ನಕಲು ಮಾಡುವ ಆಸೆ ಬರುತ್ತದೆ, ಕಲಿಯುವುದು ಆಗುವುದಿಲ್ಲ.

ಅಂಕ ಕೊಡುವ ವಿಧಾನ ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ. ಅತಿ ಕಡಿಮೆ ಇರುವುದಕ್ಕೆ 0, ಅತಿ ಹೆಚ್ಚಿರುವುದಕ್ಕೆ 1, ಉಳಿದವು ನಡುವೆ. ನಿರುದ್ಯೋಗದಂಥದ್ದನ್ನು ಒಂದರಿಂದ ಕಳೆದು ತಿರುಗಿಸಬೇಕು, ಮರೆತರೆ ಕೆಲಸ ಇಲ್ಲದ ಊರು ಮೇಲೆ ಬಂದು ಕೂರುತ್ತದೆ. ಇದರಲ್ಲಿ ಒಂದು ಅಪಾಯ ಇದೆ. ಒಬ್ಬರಿಗೆ ಕೋಣೆ ಕನಿಷ್ಠ 0.8, ಗರಿಷ್ಠ 1.6 ಅಂತ ಇಟ್ಟುಕೊಳ್ಳಿ. 1.2 ಇರುವ ವಾರ್ಡಿಗೆ 0.5 ಬರುತ್ತದೆ. ಈಗ ಎಲ್ಲೋ ಒಂದು ವಿಲ್ಲಾಗಳ ಊರು 2.4 ತಂದು ಸೇರಿಸಿತು ಅಂದುಕೊಳ್ಳಿ. ಅದೇ ವಾರ್ಡು 0.25ಕ್ಕೆ ಬೀಳುತ್ತದೆ. ಅಲ್ಲಿ ಒಂದು ಇಟ್ಟಿಗೆಯೂ ಅಲುಗಿಲ್ಲ! ಅದಕ್ಕೇ ನಾನು ಈಗ ಅಂಕದ ಬದಲು ಸರದಿ ಬಳಸುತ್ತೇನೆ, ನೂರು ಊರು ಸಾಲಾಗಿ ನಿಲ್ಲಿಸಿದರೆ ಇದು ಎಷ್ಟನೆಯದು ಅಂತ. ಒರಟು ಲೆಕ್ಕವೇ, ಆದರೆ ಒಂದು ಊರಿನಿಂದ ಎಲ್ಲಾ ಹಾಳಾಗುವುದಿಲ್ಲ. ಆಮೇಲೆ ಒಂದೊಂದೇ ಅಳತೆ ತೆಗೆದು ಮತ್ತೆ ಮತ್ತೆ ಓಡಿಸಿ. ಯಾವುದನ್ನು ತೆಗೆದರೂ ಕೆಳಗಿನ ಹತ್ತರಲ್ಲೇ ಉಳಿಯುವ ಊರನ್ನು ಮಾತ್ರ ನಂಬಿ.

ವಿಲ್ಲಾ ಮಾತು ಬಂದದ್ದು ಸುಮ್ನೆ ಅಲ್ಲ. ಪಶ್ಚಿಮ ಕರಾವಳಿಯಲ್ಲಿ ಟ್ಯಾಮರಿನ್, ರಿವ್ಯೇರ್ ನ್ವಾರ್ ಕಡೆ ಒಂದು ಸಂಜೆ ಹೋಗಿ ಬನ್ನಿ. 2000ರ ನಂತರ ವಿದೇಶಿಯರೂ ಮನೆ ಕೊಳ್ಳಬಹುದು ಅಂತ ಐಆರ್‌ಎಸ್ (ಇಂಟಿಗ್ರೇಟೆಡ್ ರೆಸಾರ್ಟ್ ಸ್ಕೀಮ್) ಯೋಜನೆ ತಂದ ಮೇಲೆ ಅಲ್ಲಿ ಗಾಲ್ಫ್ ಮೈದಾನ, ಈಜುಕೊಳದ ಮನೆಗಳು ಎದ್ದವು. ಅದೇ ರಸ್ತೆಯಲ್ಲಿ ನಡೆದು ಹೋಗುವಷ್ಟು ದೂರದಲ್ಲಿ ಮೀನುಗಾರರ ಸಣ್ಣ ಮನೆಗಳು. ಎರಡನ್ನೂ ಒಂದೇ ಗಡಿಯೊಳಗೆ ಹಾಕಿ ಸರಾಸರಿ ತೆಗೆದರೆ "ಮಧ್ಯಮ" ಅಂತ ಹಳದಿ ಬಣ್ಣ ಬರುತ್ತದೆ. ಆದರೆ ಮಧ್ಯಮದವರು ಅಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಚಿಕ್ಕ ದ್ವೀಪದಲ್ಲಿ ಇದೇ ತೊಂದರೆ ಸರ್. ಜಾಗ ಕಡಿಮೆ, ಎಲ್ಲರೂ ಒಬ್ಬರ ಬೆನ್ನಿಗೆ ಒಬ್ಬರು ಇರುತ್ತಾರೆ. ಸರಾಸರಿಯ ಜೊತೆಗೆ ಹರವನ್ನೂ, ಅಂದರೆ ಒಳಗೆ ಎಷ್ಟು ಏರುಪೇರು ಇದೆ ಅನ್ನುವುದನ್ನೂ, ತೋರಿಸಬೇಕು. ಕೋಷ್ಟಕದಲ್ಲಿ ಒಂದು ಕೋಣೆಯ ಮನೆ ಎಷ್ಟು, ಆರಕ್ಕಿಂತ ಹೆಚ್ಚು ಕೋಣೆಯ ಮನೆ ಎಷ್ಟು ಅಂತ ಇದ್ದರೆ, ಎರಡೂ ಜಾಸ್ತಿ ಇರುವ ಊರುಗಳ ಮೇಲೆ ಗೆರೆ ಗೆರೆ ಹಾಕಿ. ನೋಡುವವರಿಗೆ "ಇಲ್ಲಿ ಸರಾಸರಿ ನಂಬಬೇಡಿ" ಅಂತ ಗೊತ್ತಾಗುತ್ತದೆ.

ಈಗ ಜಾಯಿನ್ ವಿಷಯ, ಅಂದರೆ ಗಣತಿ ಕೋಷ್ಟಕವನ್ನು ಊರಿನ ಗಡಿ ಫೈಲಿಗೆ ಸೇರಿಸುವುದು. ಹೆಸರಿನ ಮೇಲೆ ಜಾಯಿನ್ ಮಾಡಲೇಬೇಡಿ. ಊರಿನ ಹೆಸರು ಹೆಚ್ಚಿನವು ಫ್ರೆಂಚ್. ಒಂದು ಫೈಲಿನಲ್ಲಿ "ಸೇಂಟ್" ಪೂರ್ತಿ ಬರೆದಿರುತ್ತದೆ, ಇನ್ನೊಂದರಲ್ಲಿ ಎರಡೇ ಅಕ್ಷರ. ಒಂದರಲ್ಲಿ ಅಕ್ಷರದ ಮೇಲೆ ಗೀಟು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ನನ್ನ ಮೊದಲ ಮ್ಯಾಪ್‌ನಲ್ಲಿ ಹೀಗೆ ಹದಿನಾಲ್ಕು ಊರು ಸೇರಲಿಲ್ಲ. ಸೇರದ ಕಡೆ ಖಾಲಿ ಬಂತು, ಖಾಲಿಯನ್ನು ನಾನು ಸೊನ್ನೆ ಮಾಡಿದೆ, ಸೊನ್ನೆ ಅಂದರೆ ಅತಿ ಬಡ ಊರು ಅಂತ ಗಾಢ ಬಣ್ಣ ಬಂತು. ಆಫೀಸಿನ ಒಬ್ಬರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ನೋಡಿ, "ಇದು ನಮ್ಮ ಊರು, ನಾವು ಅಷ್ಟು ಕಷ್ಟದಲ್ಲಿದ್ದೀವಾ?" ಅಂತ ನಕ್ಕರು. ಆ ನಗು ಇನ್ನೂ ನೆನಪಿದೆ. ಕೋಡ್ ಇದ್ದರೆ ಕೋಡ್ ಮೇಲೆ ಸೇರಿಸಿ. ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಕೈಯಿಂದಲೇ ಒಂದು ಹೊಂದಾಣಿಕೆ ಪಟ್ಟಿ ಮಾಡಿ, ಒಂದು ಸಂಜೆಯ ಕೆಲಸ. ಸೇರದ ಊರಿಗೆ ಬೂದು ಬಣ್ಣ, "ಮಾಹಿತಿ ಇಲ್ಲ" ಅಂತ ಬರೆದೇ ಬಿಡಿ. 2011ರ ಗಣತಿಯನ್ನೂ 2022ರದ್ದನ್ನೂ ಹೋಲಿಸುವ ಯೋಚನೆ ಇದ್ದರೆ ಎರಡರ ಗಡಿ ಫೈಲೂ ಒಂದರ ಮೇಲೊಂದು ಇಟ್ಟು ನೋಡಿ. ಗಡಿ ಸರಿದ ಕಡೆ ಹೋಲಿಕೆ ಬೇಡ.

ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ದ್ವೀಪ ಸ್ವಲ್ಪ ಹಿಗ್ಗಿದಂತೆ ಕಾಣುತ್ತಿದೆ, ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಚಪ್ಪಟೆ ಮ್ಯಾಪಿಗೆ ಇಳಿಸುವ ಲೆಕ್ಕ) ಇಪಿಎಸ್‌ಜಿ 32740 ಇಡಿ.

ಇನ್ನೊಂದು ದೊಡ್ಡದು ಇದೆ, ಕಬ್ಬು. ಮುಖ್ಯ ದ್ವೀಪ 1865 ಚದರ ಕಿಲೋಮೀಟರ್. ಅದರಲ್ಲಿ ಎಷ್ಟೋ ಭಾಗ ಕಬ್ಬಿನ ಗದ್ದೆ, ಗುಡ್ಡ, ಕಾಡು. ಪ್ಲೇನ್ ವಿಲೆಮ್ಸ್ ಜಿಲ್ಲೆಯಲ್ಲಿ ದ್ವೀಪದ ಹತ್ತರಲ್ಲಿ ಮೂರು ಜನ ಇದ್ದಾರೆ, ಆದರೆ ಮ್ಯಾಪ್‌ನಲ್ಲಿ ಅಲ್ಲಿನ ವಾರ್ಡುಗಳು ಹೆಬ್ಬೆರಳಷ್ಟು. ಬ್ಲ್ಯಾಕ್ ರಿವರ್ (ಮೇಲೆ ಹೇಳಿದ ರಿವ್ಯೇರ್ ನ್ವಾರ್) ಜಿಲ್ಲೆಯ ಕಡೆ ನ್ಯಾಷನಲ್ ಪಾರ್ಕು ಸೇರಿ ಅಂಗೈಯಷ್ಟು ಅಗಲ, ಜನ ಕಡಿಮೆ. ಗಡಿ ಪೂರ್ತಿ ಬಣ್ಣ ತುಂಬಿದರೆ ನೀವು ಕಾಡಿಗೂ ಕಬ್ಬಿಗೂ ಬಣ್ಣ ಹೊಡೆದಿರಿ ಅಂತ ಅರ್ಥ. ನೋಡುವವರ ಕಣ್ಣು ಆ ದೊಡ್ಡ ಜಾಗಕ್ಕೇ ಹೋಗುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಕಟ್ಟಡಗಳ ಪದರ ಇಳಿಸಿಕೊಳ್ಳಿ. ಕಟ್ಟಡಗಳ ಸುತ್ತ 50 ಮೀಟರ್ ಅಗಲದ ಅಂಚು (ಬಫರ್) ಹಾಕಿ, ಎಲ್ಲಾ ಸೇರಿಸಿ, ಅದರಿಂದ ಊರಿನ ಗಡಿಯನ್ನು ಕತ್ತರಿಸಿ. ಬಣ್ಣ ಆ ತುಂಡಿಗೆ ಮಾತ್ರ, ಉಳಿದದ್ದು ತಿಳಿ ಬೂದು. ಕಾರ್ಖಾನೆ, ಹೋಟೆಲು ಸೇರಿಕೊಳ್ಳುತ್ತವೆ, ದೊಡ್ಡವನ್ನು ಕೈಯಿಂದ ತೆಗೆಯಿರಿ. ಇದೊಂದೇ ಬದಲಾವಣೆಗೆ ನನ್ನ ಮ್ಯಾಪ್ ಬೇರೆಯದೇ ದ್ವೀಪದ ಹಾಗೆ ಕಾಣಿಸಿತು. ಪೋರ್ಟ್ ಲೂಯಿಯಿಂದ ಕ್ಯೂರ್ಪೀಪ್‌ವರೆಗೆ ಊರಿಗೆ ಊರು ಅಂಟಿಕೊಂಡ ಒಂದು ಪಟ್ಟಿ, ಕರಾವಳಿಯಲ್ಲಿ ಮಣಿ ಪೋಣಿಸಿದಂತೆ ಹಳ್ಳಿಗಳು.

ಬಣ್ಣಕ್ಕೆ ಕೆಂಪು ಹಸಿರು ಬೇಡ. ಒಂದೇ ಬಣ್ಣದ ತಿಳಿ ಗಾಢ ಸಾಕು, ಐದು ಹಂತ. ಲೆಜೆಂಡಿನಲ್ಲಿ (ಬಣ್ಣಗಳ ಅರ್ಥ ಹೇಳುವ ಪಟ್ಟಿ) "ಬಡ ಏರಿಯಾ" ಅಂತ ಬರೆಯಬೇಡಿ, ಅಳತೆ ಏನೋ ಅದನ್ನೇ ಬರೆಯಿರಿ. ಸಿತೆ ಹೆಸರು ಹೇಳಿದರೆ ಕೆಲಸ ಸಿಗುವುದು ಕಷ್ಟ ಅಂತ ಅಲ್ಲಿನ ಹುಡುಗರು ನನ್ನ ಹತ್ತಿರವೇ ಹೇಳಿಕೊಂಡಿದ್ದಾರೆ. ನಮ್ಮ ಹವ್ಯಾಸದ ಮ್ಯಾಪ್ ಅದಕ್ಕೆ ಇನ್ನೊಂದು ಮೊಳೆ ಹೊಡೆಯುವುದು ಬೇಡ. ಗಣತಿಯಲ್ಲಿ ಧರ್ಮದ ಕೋಷ್ಟಕ ಸಿಗುತ್ತದೆ, ಅದನ್ನು ಇದರ ಪಕ್ಕ ಇಡುವ ಆಸೆಯೂ ಬೇಡ. ಅಲ್ಲಿ ಜನಾಂಗ ಯಾವುದು ಅಂತ ಗಣತಿಯಲ್ಲಿ ಕೇಳಿದ್ದು 1972ರಲ್ಲೇ ಕೊನೆ, ಆಮೇಲೆ ಬೇಕೆಂದೇ ನಿಲ್ಲಿಸಿದರು.

ಮಾರಿಷಸ್‌ಗೇ ಸೇರಿದ ರಾಡ್ರಿಗಸ್ ದ್ವೀಪವನ್ನು ಸೇರಿಸಬೇಕಾ ಅಂತಲೂ ಕೇಳಿದ್ದೀರಿ. ಅದು ಪೂರ್ವಕ್ಕೆ ಸುಮಾರು 560 ಕಿಲೋಮೀಟರ್ ದೂರ, ಜನ 43 ಸಾವಿರದ ಆಸುಪಾಸು. ಅಲ್ಲಿ ನೀರಿನ ಕಷ್ಟವೇ ಬೇರೆ ಥರ, ಮಳೆನೀರು ಹಿಡಿದು ಬದುಕುವವರು ಎಷ್ಟೋ ಜನ. ಒಂದೇ ಲೆಕ್ಕದಲ್ಲಿ ಸೇರಿಸಿದರೆ ಕೆಳಗಿನ ಸ್ಥಾನಗಳನ್ನೆಲ್ಲಾ ಅದೇ ತೆಗೆದುಕೊಂಡು, ಮುಖ್ಯ ದ್ವೀಪದ ವ್ಯತ್ಯಾಸ ಮತ್ತೆ ಮಸುಕಾಗುತ್ತದೆ. ಬೇರೆ ಲೆಕ್ಕ ಮಾಡಿ, ಮೂಲೆಯಲ್ಲಿ ಬೇರೆ ಚೌಕ ಹಾಕಿ, ಅದಕ್ಕೆ ಬೇರೆ ಸ್ಕೇಲ್ ಪಟ್ಟಿ ಕೊಡಿ. ನೆರೆಯ ಊರುಗಳ ಹೋಲಿಕೆ ಮಾಡುವ ಪ್ಲಗಿನ್ ಓಡಿಸುವಾಗಲೂ ಅದನ್ನು ಹೊರಗಿಡಿ, ನೆರೆಯೇ ಇಲ್ಲ ಅಂತ ತಕರಾರು ಮಾಡುತ್ತದೆ.

ಮೊದಲು ಕಾಲಂಗಳ ಹೆಸರು ಮಾತ್ರ ಇಲ್ಲಿ ಹಾಕಿ, ಯಾವುದು ಇಟ್ಟುಕೊಳ್ಳಬೇಕು ಅಂತ ಒಟ್ಟಿಗೆ ನೋಡೋಣ. ಮತ್ತೆ ಮುಂದಿನ ಶನಿವಾರ ಬಿಡುವಿದ್ದರೆ ರೋಸ್ ಹಿಲ್‌ನಿಂದ ಬೋ ಬಾಸಿನ್‌ವರೆಗೆ ಮೆಟ್ರೋ ಹತ್ತದೆ ಒಳರಸ್ತೆಯಲ್ಲಿ ನಡೆದು ಹೋಗಿ, ನಿಮ್ಮ ಮ್ಯಾಪ್ ಮೊಬೈಲಿನಲ್ಲಿ ತೆರೆದಿಟ್ಟುಕೊಂಡು. ಎಲ್ಲಿ ಮ್ಯಾಪಿಗೂ ರಸ್ತೆಗೂ ತಾಳೆ ಆಗಲಿಲ್ಲ ಅಂತ ಬರೆದುಕೊಂಡು ಬನ್ನಿ.