ಜೇನುಪೆಟ್ಟಿಗೆಯ ಮುಂದೆ ನೀಲಿ ತ್ರಿಕೋನ

(ಸಕಲೇಶಪುರ ತಾಲ್ಲೂಕಿನ ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ)

ಮಾನ್ಯರೇ,

ತಾವು ಬರೆದ ಪತ್ರ ನಮ್ಮ ಚಿಕ್ಕಮಗಳೂರಿನ ಕಚೇರಿಗೆ ತಲುಪಿದೆ. ನಾಲ್ಕು ಎಕರೆ ರೋಬಸ್ಟಾ ಕಾಫಿ, ಹಳ್ಳದ ಅಂಚಿಗೆ ಸ್ವಲ್ಪ ಏಲಕ್ಕಿ ಇರುವ ತಾವು ಆರು ಪೆಟ್ಟಿಗೆ ತುಡುವೆ ಜೇನನ್ನೂ ಸಾಕಿದ್ದೀರಿ. ಕಾಫಿಯನ್ನು ಅರಳಿಸುವ ಹೂ ಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ವಾರದಲ್ಲೇ ಪಕ್ಕದ ತೋಟದವರು ಗಿಡದ ರಸ ಹೀರುವ ಹಿಟ್ಟು ತಿಗಣೆಗೆಂದು ಬೆಳಿಗ್ಗೆ ಹತ್ತು ಗಂಟೆಗೆ ಥಯಾಮೆಥಾಕ್ಸಾಮ್ ಎಂಬ ಕೀಟನಾಶಕ ಹೊಡೆಸಿದರು. ಮಧ್ಯಾಹ್ನದ ಹೊತ್ತಿಗೆ ತಮ್ಮ ಪೆಟ್ಟಿಗೆಗಳ ಮುಂದೆ ನಾಲಿಗೆ ಹೊರಚಾಚಿ ಬಿದ್ದ ಹುಳುಗಳನ್ನು ಮೊರದಲ್ಲಿ ಬಳಿದು ತೆಗೆಯಬೇಕಾಯಿತು. ಕೇಳಲು ಹೋದಾಗ ಅವರು ಪೊಟ್ಟಣ ತಂದು ತೋರಿಸಿ, "ನೋಡಿ, ನೀಲಿ ಗುರುತು, ಕೆಂಪಲ್ಲ, ಇದರಿಂದ ಜೇನು ಸಾಯುವುದುಂಟೇ?" ಎಂದರಂತೆ. ಆ ಮಾತು ನಿಜವೇ, ಇದಕ್ಕೆ ಕಾನೂನಿನಲ್ಲಿ ದಾರಿ ಇದೆಯೇ, ಉಳಿದ ಪೆಟ್ಟಿಗೆಗಳ ಜೇನುತುಪ್ಪವನ್ನು ತಿನ್ನಬಹುದೇ ಎಂದು ತಾವು ಕೇಳಿದ್ದೀರಿ. ಜೊತೆಗೆ, ಸಿಂಪಡಣೆಯ ವೇಳಾಪಟ್ಟಿಯನ್ನು ತಪ್ಪದೆ ಪ್ರಕಟಿಸುವ ನಮ್ಮ ಪತ್ರಿಕೆ ಜೇನಿನ ಹೆಸರನ್ನೇ ಎತ್ತುವುದಿಲ್ಲವೆಂದು ಆಕ್ಷೇಪಿಸಿದ್ದೀರಿ.

ಆಕ್ಷೇಪ ಸರಿಯಾಗಿದೆ. ಕಳೆದ ಎರಡು ವರ್ಷದ ಸಂಚಿಕೆಗಳನ್ನು ತೆಗೆದು ನೋಡಿದೆ. ಲೀಟರಿಗೆ ಎಷ್ಟು ಗ್ರಾಂ, ಎಕರೆಗೆ ಎಷ್ಟು ಬ್ಯಾರೆಲ್ ಎಂಬುದೆಲ್ಲ ಅಚ್ಚುಕಟ್ಟಾಗಿ ಅಚ್ಚಾಗಿದೆ. ಹೂವಿರುವಾಗ ಹೊಡೆಯಬೇಡಿ ಎಂಬ ಒಂದೇ ಒಂದು ಸಾಲು ಎಲ್ಲಿಯೂ ಇಲ್ಲ. ಮುಂದಿನ ತಿಂಗಳಿನಿಂದ ಆ ಅಂಕಣದಲ್ಲಿ ಯಾವ ಬೆಳೆ ಯಾವಾಗ ಹೂವಿನಲ್ಲಿರುತ್ತದೆ ಎಂಬುದೂ, ಹೆಸರಿಸಿದ ಔಷಧಿ ಜೇನಿಗೆ ಎಷ್ಟು ಅಪಾಯಕಾರಿ ಎಂಬುದೂ ಇರುತ್ತದೆ.

ಇನ್ನು ನೀಲಿ ಗುರುತಿನ ವಿಷಯ. ತಮ್ಮ ನೆರೆಯವರು ಸುಳ್ಳು ಹೇಳಲಿಲ್ಲ. ಆ ಗುರುತು ಯಾರಿಗಾಗಿ ಇದೆ ಎಂಬುದನ್ನು ಅವರಿಗೆ ಯಾರೂ ಹೇಳಿಲ್ಲ, ಅಷ್ಟೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಪೊಟ್ಟಣದ ಮೇಲಿನ ಬಣ್ಣವನ್ನು ನಿರ್ಧರಿಸುವುದು ಆ ವಸ್ತು ಪ್ರಯೋಗಾಲಯದ ಪ್ರಾಣಿಗಳ ಹೊಟ್ಟೆಗೆ ಹೋದರೆ ಅಥವಾ ಚರ್ಮಕ್ಕೆ ತಗುಲಿದರೆ ಎಷ್ಟು ಪ್ರಮಾಣದಲ್ಲಿ ಕೊಲ್ಲುತ್ತದೆ ಎಂಬ ಲೆಕ್ಕ. ಪ್ರಾಣಿಯ ತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂವರೆಗಿನ ಪ್ರಮಾಣವೇ ಹೊಟ್ಟೆಗೆ ಹೋಗಿ ಅರ್ಧದಷ್ಟು ಪ್ರಾಣಿಗಳನ್ನು ಕೊಲ್ಲುವುದಾದರೆ ಕೆಂಪು, 51ರಿಂದ 500ರವರೆಗೆ ಹಳದಿ, 501ರಿಂದ 5,000ದವರೆಗೆ ನೀಲಿ, ಅದಕ್ಕೂ ಮೇಲೆ ಹಸಿರು. ಅಂದರೆ ಆ ಬಣ್ಣ ಸಿಂಪಡಿಸುವ ಆಳಿಗೆ, ಮನೆಯ ಮಗುವಿಗೆ, ಕೊಟ್ಟಿಗೆಯ ದನಕ್ಕೆ ಇರುವ ಅಪಾಯದ ಸೂಚನೆ. ಜೇನಿನ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ. ಥಯಾಮೆಥಾಕ್ಸಾಮ್ ಸಸ್ತನಿಗಳ ಮಟ್ಟಿಗೆ ನೀಲಿಯೇ. ಆದರೆ ಯುರೋಪಿನ ಜೇನಿನ ಮೇಲೆ ನಡೆದ ಪರೀಕ್ಷೆಗಳಲ್ಲಿ ಒಂದು ಹುಳುವಿಗೆ ಸುಮಾರು ಐದು ನ್ಯಾನೋಗ್ರಾಂ ಹೊಟ್ಟೆಗೆ ಹೋದರೆ ಬದುಕುವ ಸಾಧ್ಯತೆ ಅರ್ಧಕ್ಕಿಳಿಯುತ್ತದೆ. ಕಾಗದದ ಮೇಲೆ ಲೆಕ್ಕ ಹಾಕಿದರೆ ಒಂದೇ ಗ್ರಾಂ ಇಪ್ಪತ್ತು ಕೋಟಿ ಹುಳುಗಳಿಗೆ ಆ ಪ್ರಮಾಣವನ್ನು ಹಂಚಬಲ್ಲದು. ಸ್ಪಿನೋಸಾಡ್ ಎಂಬ ಕೀಟನಾಶಕ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದದ್ದು, ಆದ್ದರಿಂದ ನಿರಪಾಯ ಎನ್ನುವವರೂ ಇದ್ದಾರೆ. ಎಲೆಯ ಮೇಲೆ ಅದು ಹಸಿಯಾಗಿರುವಷ್ಟು ಹೊತ್ತು ಜೇನಿಗೆ ಅದೂ ಕಟುವಿಷವೇ.

ಸಂಜೆ ಹೊಡೆದರೆ ಸಾಕಲ್ಲವೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಬರುತ್ತದೆ. ಕೆಲವು ಔಷಧಿಗಳಿಗೆ ಸಾಕು, ಇದಕ್ಕೆ ಸಾಲದು. ಥಯಾಮೆಥಾಕ್ಸಾಮ್, ಇಮಿಡಾಕ್ಲೋಪ್ರಿಡ್, ಕ್ಲೋಥಿಯಾನಿಡಿನ್ ಮುಂತಾದವು ಎಲೆಯ ಮೇಲೆ ಕುಳಿತು ಆರಿಹೋಗುವಂಥವಲ್ಲ. ಗಿಡದ ರಸದೊಳಕ್ಕೆ ಇಳಿದು ಮಕರಂದಕ್ಕೂ ಪರಾಗಕ್ಕೂ ಸೇರುತ್ತವೆ. ಸಾಯುವಷ್ಟು ಸಿಗದಿದ್ದರೂ ಹುಳುವಿನ ನರಮಂಡಲ ಕೆಟ್ಟು ಗೂಡಿಗೆ ಮರಳುವ ದಾರಿ ತಪ್ಪುತ್ತದೆ. ಯುರೋಪಿಯನ್ ಒಕ್ಕೂಟವು 2018ರಲ್ಲಿ ಈ ಮೂರನ್ನೂ ಬಯಲಿನ ಬೆಳೆಗಳಿಗೆ ಬಳಸುವುದನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ. ನಮ್ಮಲ್ಲಿ ಇವು ಪೇಟೆಯ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ. ಬ್ಯಾರೆಲ್ ಹೇಗೂ ತುಂಬಿದೆ, ತುಕ್ಕು ರೋಗಕ್ಕೂ ಆಗಲಿ ಎಂದು ಅದೇ ನೀರಿಗೆ ಪ್ರೊಪಿಕೊನಜೋಲ್ ಬೆರೆಸುವ ಅಭ್ಯಾಸವೊಂದು ನಮ್ಮ ತೋಟಗಳಲ್ಲಿದೆ. ಈ ಜಾತಿಯ ಶಿಲೀಂಧ್ರನಾಶಕಗಳು ವಿಷವನ್ನು ಕರಗಿಸುವ ಜೇನಿನ ದೇಹದ ಶಕ್ತಿಯನ್ನೇ ಕುಂದಿಸುವುದರಿಂದ, ಕೆಲವು ಕೀಟನಾಶಕಗಳ ಜೊತೆ ಬೆರೆತಾಗ ಪೆಟ್ಟು ಇನ್ನೂ ಜೋರಾಗುತ್ತದೆ.

ರೋಗವೋ ವಿಷವೋ ಎಂಬ ಅನುಮಾನವನ್ನು ನೆರೆಯವರು ಎತ್ತಿದ್ದಾರೆಂದೂ ಬರೆದಿದ್ದೀರಿ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳು ಖಾಲಿಯಾದದ್ದು ಮಲೆನಾಡಿನ ಹಿರಿಯರಿಗೆ ಇನ್ನೂ ನೆನಪಿದೆ, ಹಾಗಾಗಿ ಆ ಅನುಮಾನ ಅಸಹಜವೇನಲ್ಲ. ಆದರೆ ಆ ರೋಗದಲ್ಲಿ ಸಾಯುವುದು ಎರಿಯೊಳಗಿನ ಮರಿಹುಳು. ಅದು ನೀರು ತುಂಬಿದ ಚೀಲದಂತಾಗಿ ಕೋಣೆಯಲ್ಲೇ ಬಿದ್ದಿರುತ್ತದೆ. ಬೆಳೆದ ಹುಳುಗಳು ಒಂದೇ ದಿನ ರಾಶಿಯಾಗಿ ಪೆಟ್ಟಿಗೆಯ ಮುಂದೆ ಬಿದ್ದು, ಕೆಲವು ನಡುಗುತ್ತ ತೆವಳುತ್ತಿದ್ದರೆ ಅದು ಬಹುಪಾಲು ವಿಷದ ಲಕ್ಷಣವೇ.

ನೆರೆಯವರೊಂದಿಗೆ ಮತ್ತೆ ಮಾತಾಡುವಾಗ ತಮ್ಮ ಪೆಟ್ಟಿಗೆಗಳ ನಷ್ಟದಿಂದ ಆರಂಭಿಸಬೇಡಿ, ಅವರ ಕಾಫಿಯಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಚ್ಚಬಲ್ಲದು. ರೋಬಸ್ಟಾಕ್ಕೆ ಆ ಗುಣವಿಲ್ಲ, ಬೇರೊಂದು ಗಿಡದ ಪರಾಗ ಬಂದು ಬೀಳಲೇಬೇಕು. ಗಾಳಿ ಒಂದಿಷ್ಟು ತರುತ್ತದೆ, ಉಳಿದದ್ದನ್ನು ತರುವವು ಹೆಜ್ಜೇನು, ತುಡುವೆ, ಕೋಲುಜೇನು ಮತ್ತು ನಸರಿ. ಮಳೆಯೋ ಸ್ಪ್ರಿಂಕ್ಲರ್ ನೀರೋ ಬಿದ್ದ ಎಂಟು–ಹತ್ತು ದಿನಕ್ಕೆ ಇಡೀ ತೋಟ ಒಮ್ಮೆಲೇ ಅರಳಿ, ಎರಡು–ಮೂರು ದಿನದಲ್ಲಿ ಹೂವು ಬಾಡುತ್ತದೆ. ವರ್ಷದ ಫಸಲು ನಿಂತಿರುವುದು ಆ ಎರಡು–ಮೂರು ಬೆಳಗುಗಳ ಮೇಲೆ. ಹಿಟ್ಟು ತಿಗಣೆ ಹೆಚ್ಚುವುದೂ ಅದೇ ಬಿಸಿಲಿನ ದಿನಗಳಲ್ಲಿ ಎಂಬುದು ನಿಜ, ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ತಿಗಣೆ ಇನ್ನೊಂದು ವಾರ ಕಾಯುತ್ತದೆ, ಹೂವು ಕಾಯುವುದಿಲ್ಲ. ತಿಗಣೆಯನ್ನು ಗಿಡದಿಂದ ಗಿಡಕ್ಕೆ ದಾಟಿಸುವ ಇರುವೆಗಳನ್ನು ತಡೆಯುವುದು, ಮುತ್ತಿದ ಗಿಡಗಳಿಗಷ್ಟೇ ಉಪಚಾರ ಮಾಡುವುದು, ತಿಗಣೆಯನ್ನು ತಿನ್ನುವ ಗುಲಗಂಜಿ ಹುಳುಗಳನ್ನು ಬಿಡುವುದು – ಇವೆಲ್ಲ ಇರುವ ದಾರಿಗಳೇ. ಇಡೀ ತೋಟಕ್ಕೆ ಹೊಡೆದರೆ ಆ ಗುಲಗಂಜಿ ಹುಳುವೂ ಸಾಯುತ್ತದೆ.

ಜೇನು ಮಾಡುವ ಕೆಲಸವನ್ನು ಮನುಷ್ಯ ಮಾಡಿದರೆ ಹೇಗಿರುತ್ತದೆ ಎಂಬುದನ್ನು ನಮ್ಮ ಜಿಲ್ಲೆಗಳವರಿಗೆ ಪುಸ್ತಕ ನೋಡಿ ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷದ ಹಿಂದೆ ವೆನಿಲ್ಲಾ ಬೆಲೆ ಏರಿದಾಗ, ಆ ಬಳ್ಳಿಗೆ ತಕ್ಕ ಜೇನು ಇಲ್ಲಿ ಇಲ್ಲದ ಕಾರಣ, ಮನೆಮಂದಿಯೆಲ್ಲ ಬೆಳಿಗ್ಗೆ ಕಡ್ಡಿ ಹಿಡಿದು ಹೂವಿನ ತುಟಿಯನ್ನು ಸರಿಸಿ, ಪರಾಗವನ್ನು ಒತ್ತಿ ಕೂರಿಸಿ, ಮಧ್ಯಾಹ್ನ ಹೂವು ಮುಚ್ಚುವುದರೊಳಗೆ ಮುಗಿಸಬೇಕಿತ್ತು. ನಾಲ್ಕು ಎಕರೆ ರೋಬಸ್ಟಾಕ್ಕೆ ಹಾಗೆ ಮಾಡುವ ಆಳು ಸಿಗುವುದಿಲ್ಲ. ತಮ್ಮ ಏಲಕ್ಕಿಗೂ ಅಷ್ಟೆ: ಅದರ ಹೂವಿನ ಆಯುಷ್ಯ ಒಂದೇ ದಿನ, ಆ ದಿನ ಜೇನು ಬಾರದಿದ್ದರೆ ಕಾಯಿಯಿಲ್ಲ.

ಕಾನೂನಿನ ವಿಷಯದಲ್ಲಿ ತಮಗೆ ನಿರಾಸೆಯಾಗುವ ಉತ್ತರವನ್ನೇ ಕೊಡಬೇಕಾಗಿದೆ. 1968ರ ಕೀಟನಾಶಕ ಕಾಯ್ದೆ ತಯಾರಕನನ್ನೂ ಮಾರಾಟಗಾರನನ್ನೂ ಕಟ್ಟಿಹಾಕುತ್ತದೆ. ತನ್ನ ಸಾಗುವಳಿಯ ಜಮೀನಿಗೆ ಬಳಸುವವನನ್ನು ಅದರ 38ನೆಯ ಸೆಕ್ಷನ್ ಹೊರಗಿಟ್ಟಿದೆ. ನಷ್ಟಪರಿಹಾರಕ್ಕೆ ಸಿವಿಲ್ ದಾವೆ ಹೂಡಬಹುದು, ಆದರೆ ಸತ್ತ ಹುಳುವಿನ ಮೈಯಲ್ಲಿದ್ದ ವಿಷ ಆ ತೋಟದ್ದೇ ಎಂದು ಸಾಬೀತುಪಡಿಸುವ ಹೊರೆ ತಮ್ಮ ಮೇಲೆ ಬೀಳುತ್ತದೆ. ಬೇಲಿಯ ಎರಡೂ ಕಡೆ ವರ್ಷವಿಡೀ ಮುಖ ನೋಡಬೇಕಾದವರ ನಡುವೆ ಆ ದಾರಿಯನ್ನು ನಾನು ಹೇಳಲಾರೆ. ಅದರ ಬದಲು ಮುಂದಿನ ಹೂ ಮಳೆಗೆ ಮುಂಚೆಯೇ ಸುತ್ತಲಿನ ನಾಲ್ಕೈದು ತೋಟದವರು ಒಟ್ಟಿಗೆ ಕುಳಿತು, ಮಳೆ ಬಿದ್ದ ದಿನದಿಂದ ಹೂವು ಉದುರುವವರೆಗೆ ಯಾರೂ ಹೊಡೆಸುವುದಿಲ್ಲವೆಂದೂ, ಅನಿವಾರ್ಯವಾದರೆ ಎರಡು ದಿನ ಮೊದಲು ತಿಳಿಸುವುದೆಂದೂ ಮಾತಾಡಿಕೊಳ್ಳುವುದು ಒಳ್ಳೆಯದು. ತುಡುವೆ ಒಂದು–ಒಂದೂವರೆ ಕಿಲೋಮೀಟರ್ ದೂರ ಮೇಯುತ್ತದೆ, ಹೆಜ್ಜೇನು ಅದಕ್ಕಿಂತ ಬಹಳ ದೂರ. ಒಬ್ಬರ ಒಪ್ಪಿಗೆ ಸಾಲದು. ಮೊದಲೇ ತಿಳಿದರೆ ಹಿಂದಿನ ರಾತ್ರಿ ಪೆಟ್ಟಿಗೆಯ ಬಾಗಿಲಿಗೆ ಜಾಲರಿ ಹಾಕಿ, ಒದ್ದೆ ಗೋಣಿತಾಟು ಹೊದಿಸಿ, ನೆರಳಿನಲ್ಲಿ ಒಂದು ದಿನ ತಡೆಯಬಹುದು. ಅದಕ್ಕಿಂತ ಹೆಚ್ಚು ಮುಚ್ಚಿಟ್ಟರೆ ಸೆಕೆಗೇ ಸಾಯುತ್ತವೆ.

ಈಗ ಉಳಿದಿರುವ ಕುಟುಂಬಗಳ ಬಗ್ಗೆ: ಹೊರಗೆ ದುಡಿಯುವ ಹುಳುಗಳು ಸತ್ತಿರುವುದರಿಂದ ಗೂಡಿಗೆ ಆಹಾರ ತರುವವರಿಲ್ಲ. ಹೊಸದಾಗಿ ಪರಾಗ ತುಂಬಿದ ಎರಿಗಳನ್ನು ತೆಗೆದುಹಾಕಿ, ಸಮಪಾಲು ಸಕ್ಕರೆ–ನೀರಿನ ಪಾಕವನ್ನು ಸಂಜೆ ಇಡಿ, ತೀರ ಸೊರಗಿದ ಎರಡನ್ನು ಒಂದು ಪೆಟ್ಟಿಗೆಗೆ ಸೇರಿಸಿ. ತುಪ್ಪದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಈ ಹೂವಿನ ತುಪ್ಪವನ್ನು ತೆಗೆಯಬೇಡಿ, ಮಾರಬೇಡಿ, ಮನೆಯ ಮಕ್ಕಳಿಗೂ ಕೊಡಬೇಡಿ.

– ಸಂಪಾದಕ