ಕಿಡ್ನಿಯ ಕಲ್ಲಿಗೆ ಖನಿಜದ ಹೆಸರೇಕೆ?

ಪ್ರಶ್ನೆ: ನನ್ನ ಕಿಡ್ನಿಯಿಂದ ಹೊರಬಿದ್ದ ಕಲ್ಲನ್ನು ಪರೀಕ್ಷೆಗೆ ಕಳಿಸಿದ್ದೆ. ವರದಿಯಲ್ಲಿ ‘ಹ್ಯೂವೆಲೈಟ್’ ಎಂದಿತ್ತು. ಹುಡುಕಿ ನೋಡಿದರೆ ಅದು ಕಲ್ಲಿದ್ದಲಿನ ಪದರಗಳಲ್ಲಿ ಸಿಗುವ ಖನಿಜವಂತೆ! ನೆಲದೊಳಗಿನ ಖನಿಜ ಹೊಟ್ಟೆಯೊಳಗೆ ಹೇಗೆ ಹುಟ್ಟುತ್ತದೆ? ಹಾಗಾದರೆ ಹಲ್ಲು, ಚಿಪ್ಪು ಕೂಡ ಖನಿಜಗಳೇ?

ಉತ್ತರ: ವರದಿಯಲ್ಲಿ ತಪ್ಪಿಲ್ಲ. ಹ್ಯೂವೆಲೈಟ್ ಎಂದರೆ ಒಂದು ನೀರಿನ ಅಣು ಸೇರಿಕೊಂಡ ಕ್ಯಾಲ್ಸಿಯಂ ಆಕ್ಸಲೇಟ್. ಗಣಿಯಲ್ಲಿ ಸಿಕ್ಕರೂ ಕಿಡ್ನಿಯಲ್ಲಿ ಸಿಕ್ಕರೂ ಅಣುಗಳ ಜೋಡಣೆ ಒಂದೇ. ಎಕ್ಸ್-ರೇ ಹಾಯಿಸಿದರೆ ವ್ಯತ್ಯಾಸ ಕಾಣುವುದಿಲ್ಲ. (ಹೆಸರು ಬಂದದ್ದು ‘ಸೈಂಟಿಸ್ಟ್’ ಎಂಬ ಪದವನ್ನು ಟಂಕಿಸಿದ ವಿಲಿಯಂ ಹ್ಯೂವೆಲ್ ಅವರಿಂದ.) ಎರಡು ನೀರಿನ ಅಣು ಸೇರಿದರೆ ಅದು ವೆಡೆಲೈಟ್. ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದ ತಳದ ಕೆಸರಿನಲ್ಲಿ ಸಿಕ್ಕಿದ್ದರಿಂದ ಆ ಹೆಸರು. ಕಿಡ್ನಿ ಕಲ್ಲುಗಳಲ್ಲಿ ಇವೆರಡೂ ಸಾಮಾನ್ಯ.

ಆದರೆ ನಿಮ್ಮ ಕಲ್ಲನ್ನು ‘ಖನಿಜ’ ಎನ್ನಲು ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘಟನೆ ಒಪ್ಪುವುದಿಲ್ಲ. ಭೂಮಿಯ ಪ್ರಕ್ರಿಯೆಗಳ ಪಾಲಿಲ್ಲದೆ, ಬರೀ ಜೀವಿಯ ದೇಹದಲ್ಲಿ ಆದದ್ದು ಅವರ ಲೆಕ್ಕಕ್ಕೆ ಬರುವುದಿಲ್ಲ. ನನಗೆ ಇದು ಕಾಗದದ ಮೇಲಿನ ಗಡಿ ಅಷ್ಟೇ ಅನಿಸುತ್ತದೆ. ಇಂಥವನ್ನು ಅಧ್ಯಯನ ಮಾಡುವ ನಾವು ಇವನ್ನು ಜೈವಿಕ ಖನಿಜಗಳೆಂದೇ ಕರೆಯುತ್ತೇವೆ.

ನಿಜವಾದ ವ್ಯತ್ಯಾಸ ಇರುವುದು ಕಟ್ಟುವ ರೀತಿಯಲ್ಲಿ. ಕಿಡ್ನಿ ಕಲ್ಲಿಗೆ ಮೇಸ್ತ್ರಿಯೇ ಇಲ್ಲ. ಮೂತ್ರದಲ್ಲಿ ಕರಗಿರುವ ಲವಣ ಮಿತಿ ಮೀರಿದಾಗ ಹರಳುಗಟ್ಟುತ್ತದೆ. ಹೆಚ್ಚು ನೀರು ಕುಡಿಯಿರಿ ಎನ್ನುವುದು ಇದಕ್ಕೇ. ಚಿಪ್ಪಿನ ಕತೆಯೇ ಬೇರೆ. ಮುತ್ತಿನ ಚಿಪ್ಪಿನ ಹೊರಪದರ ಕ್ಯಾಲ್ಸೈಟ್, ಒಳಗಿನ ಹೊಳಪಿನ ಪದರ ಅರಗೊನೈಟ್. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ, ಆದರೆ ಎಲ್ಲಿ ಯಾವುದು ಬೆಳೆಯಬೇಕೆಂಬುದು ಆ ಪ್ರಾಣಿಯ ಪ್ರೋಟೀನುಗಳ ಹಿಡಿತದಲ್ಲಿದೆ. ಒಳಪದರದಲ್ಲಿ ಸುಮಾರು ಅರ್ಧ ಮೈಕ್ರಾನ್ ದಪ್ಪದ ಬಿಲ್ಲೆಗಳನ್ನು ಇಟ್ಟಿಗೆಯಂತೆ ಜೋಡಿಸಿ, ನಡುವೆ ಪ್ರೋಟೀನಿನ ಗಾರೆ ಬಳಿದಿರುತ್ತದೆ. ಬಿರುಕು ನೇರ ಸಾಗಲಾರದು, ಬಿಲ್ಲೆಗಳನ್ನು ಸುತ್ತಿ ಸುತ್ತಿ ಹೋಗಬೇಕು. ಹಾಗಾಗಿಯೇ ಒಂಟಿ ಹರಳು ಸುಲಭಕ್ಕೆ ಒಡೆದರೂ ಚಿಪ್ಪು ಒಡೆಯುವುದಿಲ್ಲ.

ಹಲ್ಲಿನ ಎನಾಮಲ್ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ, ಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಗುಂಪಿನದು. ಹಲ್ಲು ವಸಡಿನಿಂದ ಹೊರಬರುವಷ್ಟರಲ್ಲಿ ಅದನ್ನು ಕಟ್ಟಿದ ಕೋಶಗಳು ಇಲ್ಲವಾಗಿರುತ್ತವೆ. ಸವೆದ ಎನಾಮಲ್ ಮೂಳೆಯಂತೆ ಮತ್ತೆ ಬೆಳೆಯದಿರುವುದು ಅದಕ್ಕೇ.

ನನ್ನ ಅಚ್ಚುಮೆಚ್ಚಿನ ಉದಾಹರಣೆ ಕೈಟನ್ ಎಂಬ ಕಡಲಜೀವಿ. ಬಂಡೆಗೆ ಅಂಟಿದ ಪಾಚಿಯನ್ನು ಕೆರೆದು ತಿನ್ನುವ ಅದರ ಹಲ್ಲಿನಲ್ಲಿ ಮ್ಯಾಗ್ನಟೈಟ್ ಇದೆಯೆಂದು ಹೈಂಜ್ ಲೋವೆನ್‌ಸ್ಟಮ್ 1962ರಲ್ಲಿ ತೋರಿಸಿದರು. ಭೂಗರ್ಭದ ಬೇಗೆಯಲ್ಲಿ ಹುಟ್ಟುತ್ತದೆಂದು ನಂಬಿದ್ದ ಅಯಸ್ಕಾಂತದ ಅದಿರು ತಣ್ಣನೆಯ ಬಾಯಲ್ಲಿ! 1975ರಲ್ಲಿ ರಿಚರ್ಡ್ ಬ್ಲೇಕ್‌ಮೋರ್ ಕಾಂತಕ್ಷೇತ್ರದ ಜಾಡು ಹಿಡಿದು ಈಜುವ ಬ್ಯಾಕ್ಟೀರಿಯಾಗಳನ್ನು ವರದಿ ಮಾಡಿದರು. ಅವುಗಳೊಳಗೂ ಮ್ಯಾಗ್ನಟೈಟ್ ಹರಳುಗಳ ಸಾಲಿರುವುದು ಆಮೇಲೆ ಖಚಿತವಾಯಿತು.

ಒಂದು ಮಾತು: ಆ ವರದಿಯನ್ನು ಎಸೆಯಬೇಡಿ, ಮುಂದಿನ ಸಲ ವೈದ್ಯರಿಗೆ ತೋರಿಸಿ. ಅದರಲ್ಲಿ ಸ್ಟ್ರೂವೈಟ್ (ಇನ್ನೊಂದು ಬಗೆಯ ಕಿಡ್ನಿ ಕಲ್ಲು) ಎಂದಿದ್ದರೆ ಅವರು ಮೊದಲು ಬ್ಯಾಕ್ಟೀರಿಯಾ ಸೋಂಕನ್ನು ಹುಡುಕುತ್ತಿದ್ದರು. ಯೂರಿಕ್ ಆಮ್ಲದ ಕಲ್ಲಾಗಿದ್ದರೆ ಔಷಧಿಯಿಂದಲೇ ಕರಗಿಸಲು ನೋಡುತ್ತಿದ್ದರು. ಹ್ಯೂವೆಲೈಟ್ ಹಾಗೆ ಕರಗುವ ಪೈಕಿಯಲ್ಲ.